ಒಳಗಿವಿಯ ನೀರೂ ಕಾಂತದ ಬಲವೂ

ಉತ್ತರಕ್ಕೆ ತಲೆಯಿಟ್ಟು ಮಲಗಬಾರದೆಂಬ ವಿಧಿಯನ್ನು ನಮ್ಮ ನಾಡಿನಲ್ಲಿ ಅರಿಯದವರಿಲ್ಲ. ಹಡಗಲಿಯ ಮಲ್ಲಿಗೆ ತೋಟದ ಗುಡಿಸಲಿನಲ್ಲಿ ಚಾಪೆ ಬಿಡಿಸುವ ಕೂಲಿಯವನಿಂದ ಹಿಡಿದು, ಹರಪನಹಳ್ಳಿಯ ಪೇಟೆಯಲ್ಲಿ ಹೊಸ ಮನೆ ಕಟ್ಟಿಸಿ ಮಂಚದ ಸ್ಥಾನವನ್ನು ಬಲ್ಲವರಿಂದ ನಿರ್ಣಯಿಸಿಕೊಳ್ಳುವ ವರ್ತಕನವರೆಗೆ, ಎಲ್ಲರೂ ಅದನ್ನು ಹೇಳುವವರೇ, ಬಹುಮಟ್ಟಿಗೆ ಪಾಲಿಸುವವರೇ. ನಮ್ಮ ಅಜ್ಜಂದಿರ ಕಾಲಕ್ಕೆ ಈ ವಿಧಿಗೆ ಗಣಪತಿಯ ಕಥೆಯೇ ಸಾಕಾದ ಆಧಾರವಾಗಿತ್ತು. ಉತ್ತರಕ್ಕೆ ತಲೆಯಿಟ್ಟು ಮಲಗಿದ್ದ ಆನೆಯ ಶಿರಸ್ಸನ್ನೇ ಅಲ್ಲವೆ ತಂದು ಪಾರ್ವತೀಪುತ್ರನಿಗೆ ಜೋಡಿಸಿದುದು! ಈಚೆಗೆ ಕಥೆ ಹಿಂದೆ ಸರಿದು, ವಿಜ್ಞಾನದ ವೇಷ ತೊಟ್ಟ ಮತ್ತೊಂದು ಕಾರಣ ಮುಂದೆ ಬಂದಿದೆ. ಭೂಮಿ ಒಂದು ಮಹಾ ಅಯಸ್ಕಾಂತವಂತೆ, ನೆತ್ತರಿನಲ್ಲಿ ಕಬ್ಬಿಣವಿದೆಯಂತೆ, ಉತ್ತರಕ್ಕೆ ತಲೆಯಿಟ್ಟರೆ ಆ ಕಬ್ಬಿಣವೆಲ್ಲ ನೆತ್ತಿಗೆ ಸೆಳೆಯಲ್ಪಟ್ಟು ಬೆಳಗ್ಗೆ ಏಳುವಾಗ ತಲೆ ತಿರುಗುವುದಂತೆ.

ಇದನ್ನು ಕೇಳಿ ನಕ್ಕುಬಿಡುವುದು ಸುಲಭ. ಆದರೆ ಕೂಡ್ಲಿಗಿ, ಕೊಟ್ಟೂರುಗಳ ಕಡೆಯಿಂದ ದಾವಣಗೆರೆಗೋ ಬಳ್ಳಾರಿಗೋ ಹೋಗಿ 'ತಲಿ ಸ್ಕ್ಯಾನಿಂಗ್' ಮಾಡಿಸಿಕೊಂಡು ಬಂದವರಲ್ಲಿ ಅಪರೂಪಕ್ಕೆ ಒಬ್ಬಿಬ್ಬರು ಹೇಳುವ ಮಾತು ನಗುವವರನ್ನು ಸ್ವಲ್ಪ ತಡೆದು ನಿಲ್ಲಿಸಬೇಕು. "ಒಳಗ ತಳ್ಳಿದ ಕೂಡ್ಲೆ ಹಲಗಿನಾ ತಿರುಗಿದಂಗಾತು, ತಲಿ ಗಿರ್ ಅಂತು" ಎನ್ನುತ್ತಾರೆ ಅವರು. ಎಂಆರ್‌ಐ ಯಂತ್ರವೆಂದರೆ ಮನುಷ್ಯನು ಮಲಗಿ ಒಳಸರಿಯುವಂತೆ ಪೊಳ್ಳಾಗಿ ಮಾಡಿದ ಒಂದು ಭಾರಿ ಅಯಸ್ಕಾಂತವೇ ಆಗಿದೆ. ಹಾಗಾದರೆ ಕಾಂತಕ್ಕೂ ತಲೆ ತಿರುಗುವುದಕ್ಕೂ ಏನೋ ನಂಟುಂಟೆಂದಾಯಿತಲ್ಲವೆ? ಉಂಟು, ಅದು ಪ್ರಯೋಗದಿಂದ ಸ್ಥಿರಪಟ್ಟ ಸಂಗತಿ. ಆದರೆ ಆ ನಂಟು ಜನರು ನಂಬಿರುವ ದಾರಿಯಲ್ಲಿಲ್ಲ. ನೆತ್ತರಿನ ಕಬ್ಬಿಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಸಂಬಂಧವಿರುವುದು ಕಿವಿಯ ಒಳಗಡೆ, ಎಲುಬಿನಲ್ಲಿ ಹುದುಗಿರುವ ಒಂದೆರಡು ಹನಿ ಉಪ್ಪುನೀರಿಗೆ.

ನೆತ್ತರಿನ ಕಬ್ಬಿಣ

ಮೊದಲು ಕಬ್ಬಿಣದ ವಾದವನ್ನು ಇತ್ಯರ್ಥಗೊಳಿಸಿಕೊಳ್ಳೋಣ. ಬೆಳೆದ ಮನುಷ್ಯನ ದೇಹದಲ್ಲಿ ಮೂರು ನಾಲ್ಕು ಗ್ರಾಮಿನಷ್ಟು ಕಬ್ಬಿಣವಿರುವುದು ನಿಜ. ಅದರ ಬಹುಭಾಗ ನೆತ್ತರಿಗೆ ಕೆಂಪುಬಣ್ಣ ಕೊಡುವ ಹಿಮೋಗ್ಲೋಬಿನ್ನಿನಲ್ಲಿರುವುದೂ ನಿಜ. ಆದರೆ ಕಬ್ಬಿಣವೆಂಬ ಧಾತು ಇದ್ದ ಮಾತ್ರಕ್ಕೆ ಅಯಸ್ಕಾಂತ ಅದನ್ನು ಸೆಳೆದೇ ಸೆಳೆಯಬೇಕೆಂಬ ನಿಯಮವಿಲ್ಲ. ಇದಕ್ಕೆ ಸಾಕ್ಷಿ ಬೇಕಾದರೆ ಕೂಡ್ಲಿಗಿಯವರು ದೂರ ಹೋಗಬೇಕಾಗಿಲ್ಲ. ನೆರೆಯ ತಾಲ್ಲೂಕು ಸಂಡೂರು, ಅಲ್ಲಿನ ಬೆಟ್ಟಗಳೇ ಕಬ್ಬಿಣದ ಅದಿರು. ಲಾರಿಯಿಂದ ರಸ್ತೆಗೆ ಉದುರಿದ ಕೆಂಪು ಅದಿರಿನ ಹೆಂಟೆಯೊಂದನ್ನು ಎತ್ತಿಕೊಂಡು, ಹಳೆಯ ರೇಡಿಯೋದ ಸ್ಪೀಕರಿನಿಂದ ಬಿಚ್ಚಿ ತೆಗೆದ ಅಯಸ್ಕಾಂತವನ್ನು ಅದರ ಹತ್ತಿರ ಹಿಡಿಯಿರಿ: ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕಬ್ಬಿಣವೇ ಆಗಿರುವ ಆ ಹೆಂಟೆ ಅಲುಗುವುದೇ ಇಲ್ಲ. ಅದೇ ಅಯಸ್ಕಾಂತವನ್ನು ಹಳ್ಳದ ಮರಳಿನಲ್ಲಿ ಎಳೆದಾಡಿದರೆ, ಸಾಸಿವೆಗಿಂತ ಸಣ್ಣ ಕಪ್ಪು ಹರಳುಗಳು ಗಡ್ಡದಂತೆ ಬಂದು ಅಂಟಿಕೊಳ್ಳುತ್ತವೆ. ಹುಡುಗರಾಗಿದ್ದಾಗ ಈ ಆಟವನ್ನು ಆಡದವರು ಕಡಮೆ. ಕೆಂಪುದು ಹೆಮಟೈಟ್, ಕಪ್ಪುದು ಮ್ಯಾಗ್ನೆಟೈಟ್. ಎರಡೂ ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತಗಳೇ. ಕಬ್ಬಿಣದ ಪರಮಾಣುಗಳು ತಮ್ಮ ಕಾಂತಗುಣವನ್ನು ಒಂದೇ ಮುಖವಾಗಿ ಕೂಡಿಸಿಕೊಂಡಿವೆಯೋ, ಅಥವಾ ಒಂದರದು ಇನ್ನೊಂದನ್ನು ತಟಸ್ಥಗೊಳಿಸುವಂತೆ ನಿಂತಿವೆಯೋ ಎಂಬುದರ ಮೇಲೆ ಸೆಳೆತದ ಹೆಚ್ಚು ಕಡಮೆಗಳು ನಿರ್ಧಾರವಾಗುತ್ತವೆ.

ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣದ ಪರಮಾಣುಗಳು ಸಾವಿರಾರು ಅನ್ಯ ಪರಮಾಣುಗಳ ನಡುವೆ ಒಂದೊಂದಾಗಿ ಸೆರೆಸಿಕ್ಕಿ, ಪರಸ್ಪರ ದೂರದೂರವಾಗಿ ಕುಳಿತಿವೆ; ಕೂಡಿ ಎಳೆಯುವ ಪ್ರಶ್ನೆಯೇ ಅಲ್ಲಿಲ್ಲ. ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಎಂಬವರು 1936ರಲ್ಲಿ ನೆತ್ತರಿನ ಕಾಂತಗುಣವನ್ನು ಅಳೆದು ನೋಡಿದಾಗ, ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ನನ್ನು ಅಯಸ್ಕಾಂತವು ಅತ್ಯಲ್ಪವಾಗಿ ದೂರ ತಳ್ಳುವುದೆಂದೂ, ಆಮ್ಲಜನಕವನ್ನು ಕಳೆದುಕೊಂಡ ಹಿಮೋಗ್ಲೋಬಿನ್ನನ್ನು ಕ್ಷೀಣವಾಗಿ ಸೆಳೆಯುವುದೆಂದೂ ಕಂಡುಬಂತು. (ಮೆದುಳಿನ ಯಾವ ಭಾಗ ಕೆಲಸದಲ್ಲಿ ತೊಡಗಿದೆಯೆಂಬುದನ್ನು ಎಂಆರ್‌ಐ ಯಂತ್ರ ಇಂದು ತೋರಿಸಿಕೊಡುತ್ತಿರುವುದು ಈ ಸೂಕ್ಷ್ಮ ವ್ಯತ್ಯಾಸದ ಬಲದಿಂದಲೇ.) ಭೂಮಿಯ ಕಾಂತಕ್ಷೇತ್ರವಾದರೋ ನಮ್ಮ ಸೀಮೆಯಲ್ಲಿ ಸುಮಾರು 40 ಮೈಕ್ರೊಟೆಸ್ಲಾ, ಎಂದರೆ ಕಾಂತಬಲದ ಅಳತೆಯ ಮಾನವಾದ ಒಂದು ಟೆಸ್ಲಾದ ಇಪ್ಪತ್ತೈದು ಸಾವಿರ ಪಾಲುಗಳಲ್ಲಿ ಒಂದು ಪಾಲು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಯಂತ್ರದ ಬಲ 1.5 ಟೆಸ್ಲಾ; ಅದು ಭೂಕಾಂತದ 37,500 ಪಟ್ಟು. 3 ಟೆಸ್ಲಾದ ಯಂತ್ರವಾದರೆ 75,000 ಪಟ್ಟು. ಅಂಥ ಯಂತ್ರದೊಳಗೆ ಗಂಟೆಗಟ್ಟಲೆ ಮಲಗಿದವರ ರಕ್ತವೂ ಒಂದು ಕಡೆಗೆ ಹೋಗಿ ಶೇಖರವಾಗುವುದಿಲ್ಲವೆಂದ ಮೇಲೆ, ಮನೆಯ ಮಂಚ ಉತ್ತರಕ್ಕಿದ್ದರೇನು, ದಕ್ಷಿಣಕ್ಕಿದ್ದರೇನು? ಸಂಪ್ರದಾಯವನ್ನು ಪಾಲಿಸುವವರು ಸಂಪ್ರದಾಯವೆಂದೇ ಪಾಲಿಸಲಿ. ಕಬ್ಬಿಣದ ಮೇಲೆ ಭಾರ ಹಾಕುವುದು ಬೇಡ.

ಮೈಲಾರದ ಬಿಲ್ಲು, ಕೊಟ್ಟೂರಿನ ತೇರು

ಕಾಂತವು ಕೆಡಿಸುವುದು ದೇಹದ ಸಮತೋಲವನ್ನು ಎಂದಾದರೆ, ಕೆಡದಿರುವಾಗ ಆ ಸಮತೋಲ ಹೇಗೆ ನಿಂತಿರುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಯಬೇಕು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರಿದಾಗ, ಉಪವಾಸವ್ರತದಲ್ಲಿದ್ದ ಗೊರವಯ್ಯನು ಡೆಂಕನಮರಡಿಯಲ್ಲಿ ನಿಲ್ಲಿಸಿದ ಎತ್ತರವಾದ ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗಿ, ಆ ಅಪಾರ ಜನಸ್ತೋಮ ಉಸಿರು ಹಿಡಿದು ನಿಂತಿರಲು ಒಂದೇ ವಾಕ್ಯದಲ್ಲಿ ಕಾರಣಿಕವನ್ನು ನುಡಿದು, ಕೂಡಲೆ ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಕಾರಣಿಕದ ಅರ್ಥವೇನೆಂದು ಮಳೆಬೆಳೆಯವರೂ ರಾಜಕೀಯದವರೂ ವರ್ಷವಿಡೀ ಚರ್ಚಿಸುತ್ತಾರೆ. ನಮಗೆ ಇಲ್ಲಿ ಬೇಕಾದುದು ಆ ವಾಕ್ಯಕ್ಕಿಂತ ಮುಂಚಿನ ಕೆಲವು ಕ್ಷಣಗಳು. ಕೈಯಗಲದ ಬಿಲ್ಲಿನ ಮೇಲೆ, ಆಹಾರವಿಲ್ಲದೆ ಸೊರಗಿದ ದೇಹವೊಂದು ನೆಟ್ಟಗೆ ನಿಲ್ಲುವುದಾದರೂ ಹೇಗೆ?

ಮೂರು ಕಡೆಗಳಿಂದ ಬರುವ ವರ್ತಮಾನಗಳನ್ನು ಮೆದುಳು ಕ್ಷಣಕ್ಷಣವೂ ತಾಳೆ ನೋಡುತ್ತಿರುವುದರಿಂದ ಅದು ಸಾಧ್ಯವಾಗುತ್ತದೆ. ಅಂಗಾಲಿನ ಚರ್ಮ, ಹರಡು, ಮೊಣಕಾಲು, ಕತ್ತಿನ ಸ್ನಾಯುಗಳು ತಮ್ಮ ಮೇಲೆ ಎಷ್ಟೆಷ್ಟು ಒತ್ತು ಬಿದ್ದಿದೆಯೆಂದು ತಿಳಿಸುತ್ತವೆ; ಕಣ್ಣು ದಿಗಂತವನ್ನೂ ಗುಡಿಯ ಶಿಖರವನ್ನೂ ಕಂಡು, ಯಾವುದು ಲಂಬ, ಯಾವುದು ವಾಲಿದೆ ಎಂದು ಹೇಳುತ್ತದೆ; ಮೂರನೆಯದು ಒಳಗಿವಿ. ಮೊದಲಿನೆರಡನ್ನು ಬಲ್ಲೆವು. ಕಣ್ಣಿನ ವರ್ತಮಾನ ಎಷ್ಟು ಪ್ರಬಲವೆಂಬುದನ್ನೂ, ಅದು ಎಷ್ಟು ಸುಲಭವಾಗಿ ಮೋಸಹೋಗುವುದೆಂಬುದನ್ನೂ ಕೊಟ್ಟೂರೇಶ್ವರನ ತೇರಿನ ದಿನ ಚಕ್ರದ ಸಮೀಪ ನಿಂತವರು ಅನುಭವದಿಂದ ಅರಿತಿರುತ್ತಾರೆ: ತೇರಿನ ಗಡ್ಡೆ ಕಣ್ಣಿನ ಮುಂದೆ ಪೂರ್ತಿ ತುಂಬಿಕೊಂಡಿರುವಾಗ ಅದು ಮೆಲ್ಲನೆ ಮುಂದಕ್ಕೆ ಜರುಗಿದರೆ, ಒಂದು ಕ್ಷಣ ತಾನೇ ಹಿಂದಕ್ಕೆ ಜರುಗಿದೆನೆಂದು ಭ್ರಮೆಯಾಗಿ, ಬಳಿಯಲ್ಲಿದ್ದವನ ತೋಳನ್ನು ಕೈ ತಾನಾಗಿ ಹಿಡಿದುಕೊಳ್ಳುತ್ತದೆ. ಮೂರನೆಯ ವರ್ತಮಾನಗಾರನಾದ ಒಳಗಿವಿಯನ್ನು ಮಾತ್ರ ಸರಿಯಿರುವವರೆಗೆ ಯಾರೂ ನೆನೆಯುವುದಿಲ್ಲ. ಅದು ಇದೆಯೆಂದೇ ಬಹುಮಂದಿಗೆ ತಿಳಿದಿರುವುದಿಲ್ಲ. ಕಿವಿ ಇರುವುದು ಕೇಳುವುದಕ್ಕಷ್ಟೇ ಎಂದು ತಿಳಿದು ಬದುಕು ಮುಗಿಸಿದವರು ಕೋಟ್ಯಂತರ.

ಚೊಂಬಿನ ಮೇಲಿನ ತುಳಸಿದಳ

ಚೊಂಬಿನ ತುಂಬ ನೀರು ತುಂಬಿ, ಮೇಲೊಂದು ತುಳಸಿದಳವನ್ನು ತೇಲಬಿಟ್ಟು, ಚೊಂಬನ್ನು ಇದ್ದಲ್ಲೇ ಥಟ್ಟನೆ ಕಾಲುಸುತ್ತು ತಿರುಗಿಸಿ. ಚೊಂಬು ತಿರುಗುತ್ತದೆ, ದಳ ತಿರುಗುವುದಿಲ್ಲ, ಮೊದಲು ಯಾವ ಗೋಡೆಯ ಕಡೆಗೆ ಅದರ ತೊಟ್ಟಿತ್ತೋ ಆ ಕಡೆಗೇ ಇರುತ್ತದೆ. ಪಾತ್ರೆಯ ಚಲನೆ ನೀರಿಗೆ ತಟ್ಟಲು ಸ್ವಲ್ಪ ಕಾಲ ಬೇಕು. ತಿರುಗಿಸುತ್ತಲೇ ಇದ್ದರೆ ನೀರೂ ಕ್ರಮೇಣ ಚೊಂಬಿನ ವೇಗವನ್ನು ಪಡೆಯುತ್ತದೆ. ಆಗ ಚೊಂಬನ್ನು ತಟಕ್ಕನೆ ನಿಲ್ಲಿಸಿದರೆ ನೀರು ನಿಲ್ಲದೆ, ದಳವನ್ನು ಹೊತ್ತು ಇನ್ನಷ್ಟು ಸುತ್ತು ಹೋಗುತ್ತದೆ.

ನಮ್ಮ ಒಂದೊಂದು ಒಳಗಿವಿಯಲ್ಲಿಯೂ ಇಂಥ ನೀರು ತುಂಬಿದ ಮೂರು ಬಳೆಗಳಿವೆ. ಅರ್ಧವೃತ್ತ ನಾಳಗಳೆಂದು ಅವಕ್ಕೆ ಹೆಸರು. ಒಂದೊಂದು ಬಳೆಯ ವ್ಯಾಸ ಸುಮಾರು ಆರೇಳು ಮಿಲಿಮೀಟರು. ಒಳಗಿನ ಕೊಳವೆ ಅರ್ಧ ಮಿಲಿಮೀಟರಿಗಿಂತಲೂ ಕಿರಿದು. ಮೂರೂ ಒಂದಕ್ಕೊಂದು ಬಹುಮಟ್ಟಿಗೆ ಲಂಬವಾಗಿ ನಿಂತಿರುವುದರಿಂದ ತಲೆ ಯಾವ ದಿಕ್ಕಿಗೆ ತಿರುಗಿದರೂ ಯಾವುದಾದರೊಂದು ಬಳೆಗೆ ಅದು ಗೊತ್ತಾಗದೆ ಇರದು. ಪ್ರತಿ ಬಳೆಯ ಬುಡದಲ್ಲಿ ಸ್ವಲ್ಪ ಉಬ್ಬಿದ ಭಾಗವೊಂದಿದ್ದು, ಅಲ್ಲಿ ದಾರಿಗೆ ಅಡ್ಡವಾಗಿ ಲೋಳೆಯಂಥ ಒಂದು ಮೆತ್ತನೆಯ ಪೊರೆ ನಿಂತಿದೆ. ಇದನ್ನು ತಡೆಪೊರೆ ಎಂದು ಕರೆಯೋಣ, ವೈದ್ಯರು ಕ್ಯುಪ್ಯುಲಾ ಎನ್ನುತ್ತಾರೆ. ತಲೆ ತಿರುಗಿದಾಗ ಬಳೆಯೂ ತಿರುಗುತ್ತದೆ, ಒಳಗಿನ ನೀರು ಹಿಂದುಳಿಯುತ್ತದೆ, ಹಿಂದುಳಿದ ನೀರು ತಡೆಪೊರೆಯನ್ನು ಒತ್ತಿ ಬಾಗಿಸುತ್ತದೆ. ಪೊರೆಯ ಬುಡದಲ್ಲಿ ನೆಟ್ಟಿರುವ ರೋಮಕೋಶಗಳು ಆ ಬಾಗನ್ನು ಅರಿತು, ನರದ ಮೂಲಕ ಮೆದುಳಿಗೆ 'ಎಡಕ್ಕೆ ತಿರುಗಿದೆ', 'ಬಲಕ್ಕೆ ತಿರುಗಿದೆ' ಎಂದು ತಿಳಿಸುತ್ತವೆ. ಮಕ್ಕಳು ಗರಗರನೆ ಸುತ್ತಿ ನಿಂತ ಮೇಲೆ, ನಿಂತಿದ್ದರೂ ಲೋಕವೆಲ್ಲ ಸುತ್ತುತ್ತಿರುವಂತೆ ಕಂಡು ತೂರಾಡುವುದೇಕೆಂಬುದು ಈಗ ಹೇಳದೆಯೇ ತಿಳಿಯುತ್ತದೆ.

ಈ ನಾಳಗಳ ಕೆಲಸದ ಮೊದಲ ಸುಳಿವು ಫ್ರಾನ್ಸಿನ ಫ್ಲೂರಾನ್ಸ್ ಎಂಬ ವಿಜ್ಞಾನಿಗೆ 1820ರ ದಶಕದಲ್ಲಿ ದೊರೆತದ್ದು ಪಾರಿವಾಳಗಳಿಂದ. ಅವನು ಪಾರಿವಾಳದ ಒಂದೊಂದೇ ನಾಳವನ್ನು ಕತ್ತರಿಸಿ ನೋಡಿದಾಗ, ಹಕ್ಕಿ ಕಿವುಡಾಗದೆ, ಕತ್ತರಿಸಿದ ನಾಳದ ಸಮತಲದಲ್ಲಿಯೇ ತಲೆಯನ್ನು ಹುಚ್ಚುಹುಚ್ಚಾಗಿ ಆಡಿಸತೊಡಗಿತು. ಕ್ರೂರವಾದ ಪ್ರಯೋಗವೆಂಬುದರಲ್ಲಿ ಸಂದೇಹವಿಲ್ಲ; ಆದರೂ ಕೇಳುವಿಕೆಗೂ ಈ ಬಳೆಗಳಿಗೂ ಸಂಬಂಧವಿಲ್ಲವೆಂದು ಜಗತ್ತಿಗೆ ಗೊತ್ತಾದುದು ಅದರಿಂದಲೇ.

ಕತ್ತಲಲ್ಲಿ ಸರಿಯುವ ಕಣ್ಣು

ಒಳಗಿವಿಯ ವರ್ತಮಾನವನ್ನು ಹೊರಗಿನವರು ನೋಡಲು ಒಂದು ಕಿಂಡಿಯಿದೆ, ಅದೇ ಕಣ್ಣು. ಹರಪನಹಳ್ಳಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸು ಎಷ್ಟೇ ಕುಲುಕಾಡಿದರೂ, ಎದುರಿನ ಸೀಟಿನವನ ಮುಖ ನಮಗೆ ಮಸುಕಾಗದೆ ನಿಚ್ಚಳವಾಗಿ ಕಾಣುವುದು ಏಕೆಂದರೆ, ತಲೆ ಬಲಕ್ಕೆ ಹೊರಳಿದ ಕ್ಷಣವೇ ಒಳಗಿವಿಯ ಆಜ್ಞೆಯಂತೆ ಕಣ್ಣುಗುಡ್ಡೆ ಅಷ್ಟೇ ಪ್ರಮಾಣದಲ್ಲಿ ಎಡಕ್ಕೆ ಹೊರಳಿರುತ್ತದೆ. ತಲೆ ಒಂದೇ ದಿಕ್ಕಿಗೆ ತಿರುಗುತ್ತಲೇ ಇದ್ದರೆ ಕಣ್ಣು ನಿಧಾನವಾಗಿ ಒಂದು ಕಡೆಗೆ ಸರಿದು, ಅಂಚು ಮುಟ್ಟುವ ಮೊದಲೇ ಸರಕ್ಕನೆ ಮಧ್ಯಕ್ಕೆ ಜಿಗಿದು, ಮತ್ತೆ ನಿಧಾನವಾಗಿ ಸರಿಯುತ್ತದೆ. ಈ ಸರಿದಾಟಕ್ಕೆ ವೈದ್ಯರು ನಿಸ್ಟ್ಯಾಗ್ಮಸ್ ಎನ್ನುತ್ತಾರೆ. ತಲೆ ಅಲುಗದೆ ಇರುವಾಗಲೂ ಒಬ್ಬನ ಕಣ್ಣು ಹೀಗೆ ಸರಿದಾಡುತ್ತಿದ್ದರೆ, ಅವನ ಒಳಗಿವಿಯ ತಡೆಪೊರೆಯನ್ನು ಏನೋ ಒಂದು ಬಾಗಿಸುತ್ತಿದೆ ಎಂದು ಊಹಿಸಲು ಅವಕಾಶವುಂಟು.

ಬಲವಾದ ಅಯಸ್ಕಾಂತದ ಬಳಿ ಕೆಲಸ ಮಾಡುವವರಿಗೆ ತಲೆ ತಿರುಗುವುದೆಂಬ ವರದಿಗಳು 1990ರ ದಶಕದ ಆರಂಭದಿಂದಲೇ, 4 ಟೆಸ್ಲಾದ ಯಂತ್ರಗಳು ತಯಾರಾದಂದಿನಿಂದ, ಕೇಳಿಬರುತ್ತಿದ್ದವು. ಅಮೆರಿಕದ ಫ್ಲಾರಿಡಾದಲ್ಲಿ ಇಲಿಗಳನ್ನು ಪ್ರಬಲ ಕಾಂತದೊಳಗಿಟ್ಟು ಹೊರತೆಗೆದಾಗ ಅವು ಒಂದೇ ದಿಕ್ಕಿಗೆ ಸುತ್ತುಸುತ್ತಾಗಿ ನಡೆಯುವುದೂ, ಒಳಗಿವಿಯನ್ನು ನಾಶಪಡಿಸಿದ ಇಲಿಗಳು ಹಾಗೆ ಮಾಡದಿರುವುದೂ ಕಂಡುಬಂದಿತ್ತು. ಆದರೆ ಮನುಷ್ಯನ ವಿಷಯದಲ್ಲಿ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಡೇಲ್ ರಾಬರ್ಟ್ಸ್, ಡೇವಿಡ್ ಜೀ ಮತ್ತು ಅವರ ಸಂಗಡಿಗರು. ಅವರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅವರು ಮಾಡಿದುದು ಸರಳವಾದ ಕೆಲಸ: ಆರೋಗ್ಯವಂತರನ್ನು 7 ಟೆಸ್ಲಾ ಯಂತ್ರದಲ್ಲಿ ಮಲಗಿಸಿ, ಚಿತ್ರ ತೆಗೆಯುವ ಸದ್ದುಗದ್ದಲವನ್ನೆಲ್ಲ ನಿಲ್ಲಿಸಿ, ಬೆಳಕಿನ ಎಳೆಯೂ ಇಲ್ಲದಂತೆ ಕತ್ತಲು ಮಾಡಿ, ಮನುಷ್ಯನಿಗೆ ಕಾಣದ ಅವಗೆಂಪು ಬೆಳಕಿನ ಕ್ಯಾಮೆರಾದಿಂದ ಅವರ ಕಣ್ಣನ್ನು ನೋಡಿದರು. ಕತ್ತಲೇ ಇಲ್ಲಿ ಮುಖ್ಯ. ಏಕೆಂದರೆ ದಿಟ್ಟಿಸಲು ಒಂದು ಚುಕ್ಕಿ ಸಿಕ್ಕಿದರೂ ಸಾಕು, ಕಣ್ಣು ಅದನ್ನು ಹಿಡಿದುಕೊಂಡು ಸರಿದಾಟವನ್ನು ಅಡಗಿಸಿಬಿಡುತ್ತದೆ, ನೋಡುವವರಿಗೆ ಏನೂ ಕಾಣುವುದಿಲ್ಲ. ಈ ಪ್ರಯೋಗ ಬಹಳ ಹಿಂದೆಯೇ ಆಗಬಹುದಾಗಿತ್ತು. ಲಕ್ಷಾಂತರ ರೋಗಿಗಳು ಯಂತ್ರದೊಳಗೆ ಹೋಗಿಬಂದರೂ ಬಹುಕಾಲ ಹೊಳೆಯದಿದ್ದುದು ದೀಪ ಆರಿಸಿ ನೋಡುವ ಈ ಸಣ್ಣ ಉಪಾಯ.

ಕತ್ತಲಲ್ಲಿ, ಒಳಗಿವಿ ಸರಿಯಾಗಿದ್ದ ಎಲ್ಲರ ಕಣ್ಣುಗಳೂ ಸರಿದಾಡುತ್ತಿದ್ದವು. ರೋಗದಿಂದ ಎರಡು ಒಳಗಿವಿಗಳೂ ನಿಷ್ಕ್ರಿಯವಾಗಿದ್ದವರ ಕಣ್ಣುಗಳು ಅಲುಗಲಿಲ್ಲ.

ಬಿದ್ದುಹೋದ ಎರಡು ಊಹೆಗಳು

ಇಷ್ಟರಿಂದ ಒಳಗಿವಿಯೇ ಸ್ಥಾನವೆಂದು ತಿಳಿಯಿತು. ಅಲ್ಲಿ ಕಾಂತ ಮಾಡುವುದೇನೆಂಬುದು ತಿಳಿಯಲಿಲ್ಲ. ಅದುವರೆಗೆ ಪಂಡಿತರು ಮುಂದಿಟ್ಟಿದ್ದ ಊಹೆಗಳಲ್ಲಿ ಎರಡು ಮುಖ್ಯವಾದವು. ಕಾಂತಕ್ಷೇತ್ರದೊಳಗೆ ತಲೆ ಚಲಿಸುವಾಗ ಡೈನಮೋದಲ್ಲಿ ಆಗುವಂತೆ ಅಂಗಾಂಶಗಳಲ್ಲಿ ವಿದ್ಯುತ್ತು ಹುಟ್ಟಿ ನರಗಳನ್ನು ಕೆಣಕುತ್ತದೆಂಬುದು ಒಂದು. ಒಳಗಿವಿಯ ಬೇರೆ ಬೇರೆ ಪದಾರ್ಥಗಳನ್ನು ಕಾಂತವು ಬೇರೆ ಬೇರೆ ಪ್ರಮಾಣದಲ್ಲಿ ತಳ್ಳುವುದರಿಂದ ಪೊರೆಗಳು ಸ್ಥಾನಪಲ್ಲಟವಾಗುತ್ತವೆಂಬುದು ಇನ್ನೊಂದು.

ಡೈನಮೋದ ಊಹೆ ಸರಿಯಾಗಿದ್ದರೆ, ಮನುಷ್ಯನು ಒಳಸರಿದು ನಿಶ್ಚಲವಾಗಿ ಮಲಗಿದ ಮೇಲೆ ಕಣ್ಣಿನ ಸರಿದಾಟ ನಿಲ್ಲಬೇಕಾಗಿತ್ತು. ಸೈಕಲ್ಲಿನ ಚಕ್ರ ನಿಂತರೆ ಡೈನಮೋದ ದೀಪ ಆರುವುದಷ್ಟೆ. ಆದರೆ ಸರಿದಾಟ ನಿಲ್ಲಲಿಲ್ಲ. ಯಂತ್ರದೊಳಗೆ ಅಲುಗಾಡದೆ ಮಲಗಿರುವಷ್ಟು ಕಾಲವೂ ಅದು ನಡೆದೇ ಇತ್ತು. ಎರಡನೆಯ ಊಹೆಯನ್ನು ಉರುಳಿಸಲು ಮನುಷ್ಯನನ್ನು ಸುರಂಗದ ಇನ್ನೊಂದು ಬಾಗಿಲಿನಿಂದ ಒಳಗೆ ಸರಿಸಬೇಕಾಯಿತು. ಆಗ ಅವನ ಪಾಲಿಗೆ ಕಾಂತದ ಉತ್ತರ ದಕ್ಷಿಣಗಳು ಅದಲುಬದಲಾದವು; ಕಣ್ಣಿನ ಸರಿದಾಟದ ದಿಕ್ಕೂ ತಿರುಗುಮುರುಗಾಯಿತು. ಪದಾರ್ಥವನ್ನು ಬರಿಯ ಕಾಂತಗುಣದಿಂದ ತಳ್ಳುವ ಬಲಕ್ಕೆ ಉತ್ತರ ದಕ್ಷಿಣಗಳ ಭೇದವಿಲ್ಲ. ಕಾಂತಗೊಳ್ಳದ ಕಬ್ಬಿಣದ ಮೊಳೆಯನ್ನು ಅಯಸ್ಕಾಂತದ ಎರಡು ತುದಿಗಳೂ ಸಮಾನವಾಗಿಯೇ ಸೆಳೆಯುತ್ತವೆ, ನೋಡಿ. ಆದುದರಿಂದ ಧ್ರುವವನ್ನು ಗುರುತಿಸುವ, ಚಲನೆಯಿಲ್ಲದಾಗಲೂ ಕೆಲಸ ಮಾಡುವ, ಕ್ಷೇತ್ರದ ಪ್ರಾಬಲ್ಯಕ್ಕೆ ತಕ್ಕಂತೆ ಏರಿಳಿಯುವ ಬಲವೊಂದನ್ನು ಹುಡುಕಬೇಕಾಯಿತು. ತಲೆಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತ ಹೋದಂತೆ ಒಂದು ಕೋನದಲ್ಲಿ ಸರಿದಾಟ ಪೂರ್ತಿ ನಿಂತು, ಅದನ್ನು ದಾಟಿದರೆ ವಿರುದ್ಧ ದಿಕ್ಕಿಗೆ ಶುರುವಾಗುತ್ತದೆಂಬುದೂ ತಿಳಿದುಬಂದಿತ್ತು. ಆ ಬಲಕ್ಕೆ ಕೋನವೂ ಮುಖ್ಯವೆಂದಾಯಿತು.

ಪಂಪುಸೆಟ್ಟನ್ನು ತಿರುಗಿಸುವ ನಿಯಮ

ಅಂಥ ಬಲವೊಂದು ಕೂಡ್ಲಿಗಿ, ಕೊಟ್ಟೂರುಗಳ ಬೆದ್ದಲು ಸೀಮೆಯಲ್ಲಿ ಕೊಳವೆಬಾವಿ ಇರುವ ಪ್ರತಿ ಹೊಲದಲ್ಲಿಯೂ, ಕರೆಂಟು ಬಂದ ಹೊತ್ತಿನಲ್ಲಿ, ಕೆಲಸ ಮಾಡುತ್ತಿದೆ. ಕಾಂತಕ್ಷೇತ್ರದಲ್ಲಿರುವ ತಂತಿಯೊಂದರಲ್ಲಿ ವಿದ್ಯುತ್ತು ಹರಿದರೆ ಆ ತಂತಿಯು ಪಕ್ಕಕ್ಕೆ ನೂಕಲ್ಪಡುತ್ತದೆ: ವಿದ್ಯುತ್ತಿನ ದಿಕ್ಕಿಗೂ ಲಂಬವಾಗಿ, ಕಾಂತದ ದಿಕ್ಕಿಗೂ ಲಂಬವಾಗಿ. ಮೋಟಾರಿನ ಒಳಗಿನ ದಿಂಡು ತಿರುಗಿ ನೂರಾರು ಅಡಿ ಆಳದ ನೀರು ಮೇಲೆ ಬರುವುದು ಈ ನೂಕಿನಿಂದಲೇ. ಹಾಲೆಂಡಿನ ಲೊರೆಂಟ್ಸ್ ಎಂಬ ಭೌತವಿಜ್ಞಾನಿಯ ಹೆಸರಿನಿಂದ ಈ ಬಲವನ್ನು ಕರೆಯುತ್ತಾರೆ. ಕಾಂತದ ಧ್ರುವವನ್ನು ಬದಲಿಸಿದರೆ ನೂಕಿನ ದಿಕ್ಕು ಬದಲಾಗುತ್ತದೆ. ವಿದ್ಯುತ್ತೂ ಕಾಂತವೂ ಒಂದೇ ರೇಖೆಯಲ್ಲಿದ್ದರೆ ನೂಕೇ ಇರುವುದಿಲ್ಲ. ತಂತಿ ಮೊದಲೇ ಚಲಿಸುತ್ತಿರಬೇಕೆಂಬ ನಿರ್ಬಂಧವಂತೂ ಇಲ್ಲ. ಬಾಲ್ಟಿಮೋರಿನವರು ಕಂಡ ಲಕ್ಷಣಗಳೆಲ್ಲ ಇದರಲ್ಲಿವೆ.

ಆದರೆ ಒಳಗಿವಿಯಲ್ಲಿ ತಂತಿಯೆಲ್ಲಿ? ತಂತಿ ಬೇಕಾಗಿಯೇ ಇಲ್ಲ. ವಿದ್ಯುತ್ತನ್ನು ಹೊರುವ ಕಣಗಳು ಇರಬೇಕು, ಅವು ಒಂದು ದಿಕ್ಕಿಗೆ ಹರಿಯುತ್ತಿರಬೇಕು, ಅಷ್ಟೆ. ತಾಮ್ರದಲ್ಲಿ ಹರಿದರೇನು, ಉಪ್ಪುನೀರಿನಲ್ಲಿ ಹರಿದರೇನು! ಒಳಗಿವಿಯ ನಾಳಗಳಲ್ಲಿರುವ ಒಳರಸ, ವೈದ್ಯರ ಎಂಡೋಲಿಂಫ್, ದೇಹದ ಇತರ ದ್ರವಗಳಿಗಿಂತ ವಿಚಿತ್ರವಾದುದು. ನೆತ್ತರು, ಕಣ್ಣೀರು, ಬೆವರು ಇವುಗಳಲ್ಲಿ ಅಡುಗೆಯುಪ್ಪಿನ ಸೋಡಿಯಮ್ಮಿನದೇ ಮೇಲುಗೈ. ಒಳರಸದಲ್ಲಿ ಮಾತ್ರ ಸೋಡಿಯಂ ಅತ್ಯಲ್ಪವಾಗಿದ್ದು ಪೊಟ್ಯಾಸಿಯಂ ತುಂಬಿಕೊಂಡಿದೆ. ನಾಳದ ಗೋಡೆಯಲ್ಲಿರುವ ಕೆಲವು ಕೋಶಗಳು ಹಗಲಿರುಳೆನ್ನದೆ ವಿದ್ಯುದಾವೇಶವುಳ್ಳ ಪೊಟ್ಯಾಸಿಯಂ ಕಣಗಳನ್ನು ಒಳರಸಕ್ಕೆ ಎತ್ತಿಹಾಕುತ್ತಿರುತ್ತವೆ. ರೋಮಕೋಶಗಳು, ನಾವು ಅಲುಗಾಡದೆ ಕುಳಿತಿರುವಾಗಲೂ, ಅವೇ ಕಣಗಳನ್ನು ತಮ್ಮ ರೋಮದ ತುದಿಯ ರಂಧ್ರಗಳಿಂದ ಒಳಗೆ ಎಳೆದುಕೊಳ್ಳುತ್ತಿರುತ್ತವೆ. ಒಂದು ಕಡೆ ಸುರಿಯುವುದು, ಇನ್ನೊಂದು ಕಡೆ ಹೀರುವುದು. ನಡುವೆ ಒಳರಸದಲ್ಲಿ ಎಡೆಬಿಡದ ವಿದ್ಯುತ್ಪ್ರವಾಹ. ಮೂರು ನಾಳಗಳೂ ಬಂದು ಕೂಡುವಲ್ಲಿ ಯುಟ್ರಿಕಲ್ ಎಂಬ ಒಂದು ಪುಟ್ಟ ಚೀಲವಿದ್ದು, ಅದರ ಅಂಗಳದಲ್ಲಿ ರೋಮಕೋಶಗಳು ಒತ್ತೊತ್ತಾಗಿ ನೆಲೆಸಿರುವುದರಿಂದ, ಪ್ರವಾಹವೂ ಅಲ್ಲಿಯೇ ಪ್ರಬಲ. ಮೂರು ಬಳೆಗಳಲ್ಲಿ ಅಡ್ಡಲಾಗಿರುವ ಅಡ್ಡನಾಳದ ತಡೆಪೊರೆ ಇರುವುದು ಆ ಚೀಲದ ನೆರೆಯಲ್ಲೇ.

ಈಗ ಈ ತಲೆಯನ್ನು 7 ಟೆಸ್ಲಾದ ಸುರಂಗದೊಳಗೆ ಸರಿಸಿ. ಹರಿಯುವ ಪೊಟ್ಯಾಸಿಯಂ ಕಣಗಳನ್ನು ಕಾಂತವು ಪಕ್ಕಕ್ಕೆ ನೂಕುತ್ತದೆ. ನೂಕಿಸಿಕೊಂಡ ಕಣಗಳು ತಮ್ಮ ಸುತ್ತಲಿನ ನೀರನ್ನೂ ನೂಕುತ್ತವೆ. ಆ ನೀರು ತಡೆಪೊರೆಯನ್ನು ಒತ್ತುತ್ತದೆ. ಒತ್ತು ಅತಿ ಸೂಕ್ಷ್ಮವಾದುದೇ. ಆದರೆ ಕತ್ತಿನ ಒಂದು ಸಣ್ಣ ಹೊರಳನ್ನೂ ಅರಿಯುವಂತೆ ರಚಿತವಾದ ಪೊರೆಗೆ ಅಷ್ಟೇ ಸಾಕು. ಪೊರೆ ಬಾಗಿತೆಂದರೆ ಮೆದುಳಿಗೆ ಹೋಗುವ ವರ್ತಮಾನ ಒಂದೇ: 'ತಲೆ ತಿರುಗುತ್ತಿದೆ'. ನೀರನ್ನು ನೂಕಿದುದು ಕತ್ತಿನ ಚಲನೆಯೋ, ಕಾಂತದ ಬಲವೋ ಎಂದು ತಿಳಿಯುವ ಉಪಾಯ ಮೆದುಳಿಗಿಲ್ಲ. ಬೆನ್ನ ಕೆಳಗಿನ ಹಲಗೆ ಅಲುಗಿಲ್ಲವೆಂದು ಚರ್ಮ ಹೇಳುತ್ತಿದ್ದರೂ, ಕಣ್ಣಿಗೆ ಕತ್ತಲು ಬಿಟ್ಟು ಬೇರೇನೂ ಕಾಣದಿರುವುದರಿಂದ, ಕಿವಿಯ ಮಾತೇ ಗೆಲ್ಲುತ್ತದೆ; ಹಲಗೆ ತಿರುಗಿದಂತಾಗುತ್ತದೆ.

ಹೊರಬಂದ ಮೇಲೆ

ಸಾಮಾನ್ಯವಾದ ಸುತ್ತುವಿಕೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಜಾತ್ರೆಯ ತಿರುಗುವ ಕುದುರೆಯ ಮೇಲೆ ಕುಳಿತು ಒಂದೇ ವೇಗದಿಂದ ಸುತ್ತುತ್ತಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಪೊರೆ ತನ್ನ ಸ್ಥಾನಕ್ಕೆ ಮರಳುತ್ತದೆ. ಕಾಂತದ ನೂಕಿಗೆ ಆ ವಿರಾಮವಿಲ್ಲ. ಯಂತ್ರದ ಅಯಸ್ಕಾಂತ, ದ್ರವ ಹೀಲಿಯಮ್ಮಿನ ಶೈತ್ಯದಲ್ಲಿಟ್ಟ ತಂತಿಸುರುಳಿಯಾದುದರಿಂದ, ಚಿತ್ರ ತೆಗೆಯದಿರುವಾಗಲೂ ಆರುವುದಿಲ್ಲ, ಪೊರೆಯನ್ನು ಒತ್ತಿಹಿಡಿದೇ ಇರುತ್ತದೆ. ಇಂಥ ಎಡೆಬಿಡದ ವರ್ತಮಾನವನ್ನು ಮೆದುಳು ಸ್ವಲ್ಪ ಹೊತ್ತಿನ ಬಳಿಕ ಸಂಶಯದಿಂದ ನೋಡತೊಡಗುತ್ತದೆ. ತಿರುಗುವ ಅನುಭವ ಬೇಗನೆ ಮಾಸುತ್ತದೆ. ಕಣ್ಣಿನ ಸರಿದಾಟವೂ ಮೆಲ್ಲಮೆಲ್ಲನೆ ತಗ್ಗುತ್ತದೆ. ಒಂದೂವರೆ ಗಂಟೆ ಮಲಗಿಸಿ ನೋಡಿದ ಪ್ರಯೋಗದಲ್ಲಿಯೂ ಅದು ತಗ್ಗಿತಲ್ಲದೆ ಸಂಪೂರ್ಣವಾಗಿ ಅಳಿಯಲಿಲ್ಲ. ಮೆದುಳು ಹೀಗೆ ತನ್ನ ಲೆಕ್ಕವನ್ನು ಸರಿಪಡಿಸಿಕೊಂಡು ಕುಳಿತಿರುವಾಗ ಮನುಷ್ಯನನ್ನು ಹೊರಗೆಳೆದರೆ, ನೂಕು ನಿಂತುಹೋಗಿರುತ್ತದೆ, ತಿದ್ದುಪಡಿ ಉಳಿದಿರುತ್ತದೆ. ಆಗ ಕಣ್ಣು ವಿರುದ್ಧ ದಿಕ್ಕಿಗೆ ಸರಿದಾಡತೊಡಗುತ್ತದೆ. ಕೆಲವರಿಗೆ ಒಳಗಿದ್ದಾಗ ಏನೂ ಆಗದೆ, ಹೊರಬಂದು ಎದ್ದು ನಿಂತಾಗ ತೂರಾಡಿದಂತಾಗುವುದು ಇದರಿಂದ.

ನಮ್ಮ ಸೀಮೆಯವರು ಹೋಗುವ ಆಸ್ಪತ್ರೆಗಳ 1.5 ಟೆಸ್ಲಾ ಯಂತ್ರಗಳಲ್ಲಿ ಈ ನೂಕು 7 ಟೆಸ್ಲಾದಲ್ಲಿರುವುದರ ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಕತ್ತಲು ಮಾಡಿ ಅಳೆದರೆ ಅಲ್ಲಿಯೂ ಕಣ್ಣಿನ ಕ್ಷೀಣವಾದ ಸರಿದಾಟ ಸಿಕ್ಕುತ್ತದಾದರೂ, ದೀಪ ಉರಿಯುತ್ತಿರುವ ಸುರಂಗದಲ್ಲಿ ಬಹುಮಂದಿಗೆ ಏನೂ ತಿಳಿಯುವುದಿಲ್ಲ. ಆದುದರಿಂದ ಸ್ಕ್ಯಾನಿಂಗಿನಿಂದ ಬಂದು ತಲೆ ತಿರುಗಿತೆನ್ನುವವರ ಮಾತನ್ನೆಲ್ಲ ಲೊರೆಂಟ್ಸ್ ಬಲದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಬೆಳಗಿನಿಂದ ಉಣ್ಣದೆ ಬಸ್ಸು ಹಿಡಿದು ಹೋದುದು, ಕಿರಿದಾದ ಸುರಂಗದ ಅಂಜಿಕೆ, ಅರ್ಧ ಗಂಟೆ ಅಂಗಾತ ಮಲಗಿ ಧಿಗ್ಗನೆ ಏಳುವಾಗ ರಕ್ತದ ಒತ್ತಡ ಇಳಿಯುವುದು, ಇವೆಲ್ಲಕ್ಕೂ ಪಾಲುಂಟು. ವಯಸ್ಸಾದವರಲ್ಲಿ ಬಹುಶಃ ದೊಡ್ಡ ಪಾಲೇ ಉಂಟು. ಹಲಗೆಯನ್ನು ನಿಧಾನವಾಗಿ ಸರಿಸುವುದು, ಇಳಿಯುವ ಮೊದಲು ಎರಡು ನಿಮಿಷ ಕೂರಿಸಿ ಕೈಹಿಡಿದು ಇಳಿಸುವುದು, ಇವು ಕಾರಣ ಯಾವುದಾಗಿದ್ದರೂ ಸಲ್ಲುವ ಉಪಚಾರಗಳು.

ಮೆದುಳಿನ ಕೆಲಸವನ್ನು ಚಿತ್ರಿಸುವ ವಿಜ್ಞಾನಿಗಳಿಗೆ ಈ ಶೋಧ ತಂದಿಟ್ಟ ಪೇಚು ಬೇರೆ ಬಗೆಯದು. ವಿಶ್ರಾಂತಿಯಲ್ಲಿರುವ ಮೆದುಳಿನ ಚಿತ್ರವೆಂದು ಅವರು ತೆಗೆಯುತ್ತಿದ್ದುದು, ವಾಸ್ತವವಾಗಿ, ತಿರುಗುತ್ತಿರುವೆನೆಂದು ಕಿವಿಯಿಂದ ಸತತವಾಗಿ ಸುದ್ದಿ ಪಡೆಯುತ್ತಿರುವ ಮೆದುಳಿನ ಚಿತ್ರವಾಗಿತ್ತು.

ಅಂಕಸಮುದ್ರದ ಹಕ್ಕಿಗಳು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ, ನೀರಿನಲ್ಲಿ ನಿಂತ ಜಾಲಿಮರಗಳಲ್ಲಿ ಗೂಡುಕಟ್ಟುವ ಹಕ್ಕಿಗಳಿಂದಾಗಿ 2024ರಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಚಳಿಗಾಲಕ್ಕೆ ದೂರದೇಶಗಳಿಂದ ಬಂದಿಳಿಯುವ ಹಕ್ಕಿಗಳನ್ನು ನೋಡಲು ಅಲ್ಲಿಗೆ ಹೋಗುವವರು, ಮನುಷ್ಯನಿಗೆ ನಾಟದ ಭೂಕಾಂತವನ್ನು ಹಕ್ಕಿ ಹೇಗೆ ಅರಿಯುತ್ತದೆಂದು ಕೇಳುವುದುಂಟು. ವಲಸೆಹಕ್ಕಿಗಳು ಭೂಕಾಂತವನ್ನು ದಿಕ್ಸೂಚಿಯಾಗಿ ಬಳಸುವುದು ಪ್ರಯೋಗಗಳಿಂದ ಸಿದ್ಧವಾದ ಸಂಗತಿ. ಬಳಸುವ ಇಂದ್ರಿಯ ಯಾವುದೆಂಬುದರ ಮೇಲೆ ಮಾತ್ರ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಹಕ್ಕಿಯ ಕಣ್ಣಿನಲ್ಲಿರುವ ಕ್ರಿಪ್ಟೋಕ್ರೋಮ್ ಎಂಬ ಬೆಳಕುಗ್ರಾಹಿ ಪ್ರೋಟೀನಿನ ಕಡೆಗೆ ಬಹುಮತವಿದ್ದರೂ, ಒಳಗಿವಿಯ ಪಕ್ಷವನ್ನು ವಹಿಸುವವರೂ ಇದ್ದಾರೆ. ಪಾರಿವಾಳದ ಮೆದುಳುಕಾಂಡದಲ್ಲಿ ಸಮತೋಲದ ವರ್ತಮಾನ ಬಂದು ಸೇರುವೆಡೆಯ ನರಕೋಶಗಳು ಕಾಂತದ ದಿಕ್ಕಿಗೂ ಬಲಕ್ಕೂ ಸ್ಪಂದಿಸುವುದನ್ನು ವೂ ಮತ್ತು ಡಿಕ್ಮನ್ ಎಂಬವರು 2012ರಲ್ಲಿ ತೋರಿಸಿದರು. ಮನುಷ್ಯನ ವಿಷಯದಲ್ಲಿ ಬಿದ್ದುಹೋದ ಡೈನಮೋದ ಊಹೆಗೆ ಪಾರಿವಾಳದಲ್ಲಿ ಮರುಜೀವ ಬಂದಿದೆಯೆಂಬುದು ಇಲ್ಲಿನ ಸ್ವಾರಸ್ಯ: ಹಾರುವ ಹಕ್ಕಿ ತಲೆಯಾಡಿಸಿದಂತೆಲ್ಲ ನಾಳದ ಉಪ್ಪುನೀರು ಭೂಕಾಂತವನ್ನು ಕತ್ತರಿಸಿ ಹೋಗುವುದರಿಂದ ಅದರಲ್ಲಿ ಒಂದಿಷ್ಟು ವಿದ್ಯುತ್ತು ಹುಟ್ಟಲೇಬೇಕು, ಅದನ್ನು ಹಿಡಿಯಬಲ್ಲಷ್ಟು ಸೂಕ್ಷ್ಮವಾದ ರೋಮಕೋಶಗಳಿದ್ದರೆ ಬೇರೆ ದಿಕ್ಸೂಚಿ ಬೇಕಿಲ್ಲ ಎಂಬುದು 2019ರಲ್ಲಿ ಮಂಡಿತವಾದ ವಾದ. ಇದೇ ಬಗೆಯ ವಿದ್ಯುತ್ತನ್ನು ಹರಿಯುವ ನದಿಯಲ್ಲಿ ಹಿಡಿಯಲು ಮೈಕೆಲ್ ಫ್ಯಾರಡೆ 1832ರಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯ ಮೇಲಿನಿಂದ ಥೇಮ್ಸ್ ನದಿಗೆ ತಂತಿಗಳನ್ನು ಇಳಿಬಿಟ್ಟು ಕಾದಿದ್ದ; ಅವನ ಉಪಕರಣಕ್ಕೆ ನಂಬಲರ್ಹವಾದುದೇನೂ ಸಿಕ್ಕಲಿಲ್ಲ. ಪಾರಿವಾಳದ ಕಿವಿ ಆ ಉಪಕರಣಕ್ಕಿಂತ ಸೂಕ್ಷ್ಮವೋ ಅಲ್ಲವೋ ಎಂಬುದನ್ನು ಪ್ರಯೋಗಶಾಲೆಗಳಲ್ಲಿ ಈಗ ಪರೀಕ್ಷಿಸುತ್ತಿದ್ದಾರೆ.